ಸಿಹಿ ಗುಡ್ಡ, ಸಪ್ಪೆ ಬ್ರೆಡ್ಡು

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯಿತು. ದಿನಾ ನಡೆಯಿರಿ ಅಂತ ಡಾಕ್ಟರು ಹೇಳುತ್ತಲೇ ಇದ್ದಾರೆ. ನಾನೂ ದಿನಾ ಕುಕ್ಕರಹಳ್ಳಿ ಕೆರೆ ತನಕ ಸ್ಕೂಟರಿನಲ್ಲಿ ಹೋಗಿ, ಅರ್ಧ ದಾರಿ ನಡೆದು, ಬರುವಾಗ ಮಸಾಲೆ ದೋಸೆ ತಿಂದು ಬರುತ್ತೇನೆ. ಈ ಸಾಧನೆಯನ್ನು ನಂಬಿಕೊಂಡು, ಇಟಲಿಯ ಪೀಸಾದಲ್ಲಿ ಓದುತ್ತಿರುವ ಮಗಳು ನನಗೂ ನನ್ನ ಹೆಂಡತಿಗೂ ಅಲ್ಲಿಯ ಟಸ್ಕನಿ ಸೀಮೆಯಲ್ಲಿ ಒಂದು ನಡಿಗೆ ಗೊತ್ತುಮಾಡಿದಳು. ಸಾನ್ ಜಿಮಿನ್ಯಾನೋದಿಂದ ಕೊಲ್ಲೆ ದಿ ವಾಲ್ ದೆಲ್ಸಾ ತನಕ. 12-13 ಕಿಲೋಮೀಟರು, ಕೊನೆಗೆ ಒಂದಿಷ್ಟು ನದಿ ದಂಡೆ. ಅವಳಿಗೆ ಪರೀಕ್ಷೆ, ಅದಕ್ಕೇ ಬರಲಿಲ್ಲ. ಪರೀಕ್ಷೆ ನಮಗಿತ್ತು ಅಂತ ಈಗ ಅನ್ನಿಸುತ್ತದೆ.

"ಎಲ್ಲಾ ದೋಲ್ಚಿ ಕೊಲ್ಲೀನೆ ಅಪ್ಪಾ, ಏನೂ ಕಷ್ಟ ಇಲ್ಲ" ಅಂದಿದ್ದಳು. ದೋಲ್ಚಿ ಅಂದರೆ ಸಿಹಿ. ಕೊಲ್ಲೀನೆ ಅಂದರೆ ಗುಡ್ಡ. ಏರು ಜಾಸ್ತಿ ಇಲ್ಲದ ಗುಡ್ಡಕ್ಕೆ ಅವರು ಸಿಹಿ ಗುಡ್ಡ ಅನ್ನುತ್ತಾರಂತೆ. ಸಿಹಿ ನನಗೆ ಆಗಿಬರುವುದಿಲ್ಲ ಅಂತ ಗೊತ್ತಿದ್ದೂ ಒಪ್ಪಿಕೊಂಡೆ. ಎರಡನೇ ಪದದ ಅರ್ಥವನ್ನಾದರೂ ಕನ್ನಡದಲ್ಲೇ ಹುಡುಕಬೇಕಿತ್ತು. ಸೇರಬೇಕಾದ ಊರಿನ ಹೆಸರಿನಲ್ಲೂ ಕೊಲ್ಲೆ ಅಂತಲೇ ಇದೆ. ಇದಕ್ಕಿಂತ ಜಾಸ್ತಿ ಎಚ್ಚರಿಕೆ ಯಾರು ತಾನೇ ಕೊಡುತ್ತಾರೆ?

ಹೊರಡುವಾಗ ನನ್ನ ಹುಮ್ಮಸ್ಸು ನೋಡಬೇಕಿತ್ತು. ಸಾನ್ ಜಿಮಿನ್ಯಾನೋ ಇರುವುದು ಗುಡ್ಡದ ತುದಿಯಲ್ಲಿ, ಹಳೇ ಗೋಪುರಗಳ ಊರು. ಒಂದು ಕಾಲಕ್ಕೆ 72 ಗೋಪುರ ಇದ್ದವಂತೆ, ಈಗ ಉಳಿದಿರುವುದು 14. ಎತ್ತರ ಎಷ್ಟು ಅಂದರೆ ಸಮುದ್ರ ಮಟ್ಟದಿಂದ 324 ಮೀಟರು. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವೇ 900 ಮೀಟರ್ ಮೇಲಿದೆ! "ನಾವು ಹುಟ್ಟಾ ಇವರಿಗಿಂತ ಎತ್ತರದಲ್ಲಿರುವ ಜನ" ಅಂತ ಹೆಂಡತಿಗೆ ಹೇಳಿದೆ. ಗುಡ್ಡ ಎಷ್ಟು ಎತ್ತರ ಅನ್ನುವುದಲ್ಲ, ಎಷ್ಟು ಸಲ ಇಳಿದು ಹತ್ತಬೇಕು ಅನ್ನುವುದು ಮುಖ್ಯ ಅಂತ ಆಮೇಲೆ ಮಂಡಿ ಹೇಳಿತು.

ನಾವು ನಡೆದದ್ದು ಸಾಮಾನ್ಯ ದಾರಿಯಲ್ಲ. ವಿಯಾ ಫ್ರಾಂಚೀಜೆನಾ ಅಂತ, ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್ ತನಕ ಹೋಗುವ ಯಾತ್ರಿಕರ ದಾರಿ. 990ರಲ್ಲಿ ಸಿಗೆರಿಕ್ ಅನ್ನುವ ಆರ್ಚ್‌ಬಿಷಪ್ ರೋಮ್‌ನಿಂದ ವಾಪಸ್ ಬರುವ ದಾರಿಯ 79 ತಂಗುದಾಣಗಳ ಪಟ್ಟಿ ಬರೆಸಿಟ್ಟಿದ್ದಾನೆ. ಅದರಲ್ಲಿ ಸಾನ್ ಜಿಮಿನ್ಯಾನೋ ಇದೆ, ಎಲ್ಸಾ ನದಿಯೂ ಇದೆ. ನಾಯಿಗಳ ವಿಷಯ ಮಾತ್ರ ಇಲ್ಲ.

ಬರೀ ದ್ರಾಕ್ಷಿ ತೋಟ, ಆಲಿವ್ ಮರ, ಸಾಲಾಗಿ ನಿಂತ ಸೈಪ್ರೆಸ್ಸು. ಅಲ್ಲಲ್ಲಿ ಕಲ್ಲಿನ ಒಂಟಿ ಮನೆ. ಒಂದು ಮನೆಯ ಗೇಟಿಗೆ ಬೋರ್ಡು: "ಅತ್ತೆಂತಿ ಅಲ್ ಕಾನೆ." ಮೊದಲ ಎರಡು ಅಕ್ಷರ ಓದಿದ್ದೇ ನನಗೆ ಖುಷಿಯಾಯಿತು. "ನೋಡೇ, ಇಲ್ಲೂ ಅತ್ತೆ ಮನೆ ಇದೆ" ಅಂತ ಗೇಟಿಗೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳಲು ನಿಂತೆ. ಅತ್ತೆ ಬಂದರು. ಬೆಳ್ಳಗೆ, ಕರುವಿನ ಗಾತ್ರ, ಕೊರಳು ತುಂಬಾ ಕೂದಲು. ಕುರಿ ಕಾಯುವ ಮಾರೆಮ್ಮಾ ತಳಿಯ ನಾಯಿ ಅಂತ ಆಮೇಲೆ ಮಗಳು ಹೇಳಿದಳು. ಮಾರೆಮ್ಮ ಅನ್ನುವ ಹೆಸರು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಬೋರ್ಡಿನ ಅರ್ಥ "ನಾಯಿ ಇದೆ ಎಚ್ಚರಿಕೆ." ನನ್ನ ಫೋಟೋ ಬಂದಿದೆ. ಅದರಲ್ಲಿ ಎರಡು ಕಾಲೂ ನೆಲಕ್ಕೆ ತಾಗಿಲ್ಲ.

ಹಿಂದಿನ ದಿನ ಮಳೆಯಾಗಿತ್ತು. ಉತ್ತ ಹೊಲದ ಅಂಚಿನಲ್ಲಿ ಹೋಗುವ ದಾರಿ, ಜಿಗುಟು ಮಣ್ಣು. ಹತ್ತು ಹೆಜ್ಜೆಗೆ ಒಂದೊಂದು ಶೂ ಒಂದೊಂದು ಕೆ.ಜಿ. ತೂಗತೊಡಗಿತು. ಮಗಳು ಕೊಡಿಸಿದ ದುಬಾರಿ ಟ್ರೆಕಿಂಗ್ ಶೂ, ಎಲ್ಲಾ ಕಡೆ ಹಿಡಿತ ಕೊಡುತ್ತದಂತೆ. ನಿಜ, ಹೊಲದ ಅರ್ಧ ಮಣ್ಣನ್ನು ಅದು ಹಿಡಿದುಕೊಂಡಿತ್ತು. ನನ್ನ ಹೆಂಡತಿ ಗದಗ ಕಡೆಯವಳು. ಒಂದು ಗಳಿಗೆ ನನ್ನ ಅವಸ್ಥೆ ನೋಡಿದಳು. "ಎರಿ ಹೊಲದಾಗ ಬೂಟು ಹಾಕ್ಕೊಂಡು ಯಾರು ನಡೀತಾರ್ರಿ?" ಅಂದವಳೇ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಸರಸರ ಹೊರಟೇಬಿಟ್ಟಳು. ಎದುರಿಗೆ ಎರಡು ಕೋಲು ಊರಿಕೊಂಡು ಬರುತ್ತಿದ್ದ ಇಬ್ಬರು ಯಾತ್ರಿಕರು ಅವಳಿಗೆ ದಾರಿ ಬಿಟ್ಟು ನಿಂತರು. ಹರಕೆ ಹೊತ್ತವಳು ಅಂದುಕೊಂಡರೋ ಏನೋ.

ಮಧ್ಯಾಹ್ನ ಆಲಿವ್ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಟಸ್ಕನಿಯವರು ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮರೆತು ಅಲ್ಲ, ಬೇಕಂತಲೇ. ಯಾಕೆ ಅಂದರೆ ಒಬ್ಬೊಬ್ಬರದು ಒಂದೊಂದು ಕತೆ. ಉಪ್ಪಿರುವ ಮಾಂಸ, ಚೀಸಿನ ಜೊತೆ ತಿಂದರೆ ರುಚಿಯಂತೆ. ನಾವು ಸಸ್ಯಾಹಾರಿಗಳು, ಚೀಸು ರೂಮಿನಲ್ಲೇ ಮರೆತು ಬಂದಿದ್ದೆವು. ಕಾಪಾಡಿದ್ದು ಶೇಂಗಾ ಚಟ್ನಿಪುಡಿ. ಅಲ್ಲಿಯ ಆಲಿವ್ ಎಣ್ಣೆಯಲ್ಲಿ ಕಲಸಿ ಹಚ್ಚಿಕೊಂಡರೆ, ಅಬ್ಬಾ! ಗದಗಿಗೂ ಟಸ್ಕನಿಗೂ ಸಂಬಂಧ ಬೆಳೆಸುವುದಾದರೆ ಇಲ್ಲಿಂದಲೇ ಶುರುಮಾಡಬೇಕು. ಖಾರಕ್ಕೆ ಒಂದು ಬಾಟಲಿ ನೀರು ಪೂರ್ತಿ ಖಾಲಿಯಾಯಿತು. ಇನ್ನೊಂದು ಬಾಟಲಿ ಎಲ್ಲಿ ಅಂತ ಕೇಳಿದಳು. ಚೀಸಿನ ಜೊತೆಯಲ್ಲೇ ಇತ್ತು.

ಮುಂದೆ ಒಂದು ಪುಟ್ಟ ಊರು. ಅಲ್ಲಿ ಬಸ್ಸು ಹತ್ತಿಬಿಡೋಣ ಅಂತ ನಾನು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ನಿಲ್ದಾಣದಲ್ಲಿ ವೇಳಾಪಟ್ಟಿಯೂ ಇತ್ತು. ಪಕ್ಕದಲ್ಲಿ "ಫೆರಿಯಾಲೆ" ಅಂತ ಬರೆದಿತ್ತು. ಫೆರಿಯೆ ಅಂದರೆ ರಜೆ ಅಂತ ಮಗಳ ಬಾಯಲ್ಲಿ ಕೇಳಿದ್ದೆ. ಅವತ್ತು ಭಾನುವಾರ. "ರಜಾ ದಿನದ ಬಸ್ಸು, ಇಪ್ಪತ್ತು ನಿಮಿಷದಲ್ಲಿ ಬರುತ್ತೆ" ಅಂತ ಘೋಷಿಸಿ ಕೂತೆ. ಇಪ್ಪತ್ತಾಯಿತು, ಐವತ್ತಾಯಿತು. ಬಸ್ಸು ಬರಲಿಲ್ಲ. ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಗಂಟಲು ಒಣಗಿತ್ತು.

ಎದುರು ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಹೂವಿನ ಕುಂಡ ಸರಿಮಾಡುತ್ತಿದ್ದರು. ಏನಾದರೂ ಕೇಳಲು ನಾನು ಫೋನಿನಲ್ಲಿ ಇಟಾಲಿಯನ್ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ಹೋಗಿ, ಊರಲ್ಲಿ ಕೂಗುವ ಹಾಗೆಯೇ ಕೂಗಿದಳು: "ಅಕ್ಕಾ..."

ಆಕೆ ತಲೆ ಎತ್ತಿ ನೋಡಿ, "ಆಹ್, ಅಕ್ಕ್ವಾ! ಸಿ, ಸಿ" ಅನ್ನುತ್ತಾ ಒಳಗೆ ಹೋಗಿ ಒಂದು ಜಗ್ ತುಂಬಾ ನೀರು ತಂದರು. ಇಟಾಲಿಯನ್ನಿನಲ್ಲಿ ಅಕ್ಕ್ವಾ ಅಂದರೆ ನೀರು. ಇದನ್ನು ನಾನು ಎಷ್ಟು ವಿವರಿಸಿದರೂ ಹೆಂಡತಿ ಒಪ್ಪಲಿಲ್ಲ. "ನೀರು ಕೇಳಾಕ ಹೋಗಿದ್ದೆ, ಕೇಳೂದರಾಗ ತಂದ್ರು. ಮುಖ ನೋಡಿದ್ರ ತಿಳೀತದ" ಅಂದಳು. ಬಸ್ಸಿನ ವಿಷಯವನ್ನೂ ಅವಳೇ ಕನ್ನಡದಲ್ಲೇ ವಿಚಾರಿಸಿದಳು. "ದೊಮೇನಿಕಾ, ನಿಯೆಂತೆ" ಅಂತ ಆಕೆ ಕೈಯಾಡಿಸಿದರು. ಭಾನುವಾರ ಇಲ್ಲ. ಫೆರಿಯಾಲೆ ಅಂದರೆ ಕೆಲಸದ ದಿನವಂತೆ. ರಜೆಯ ಪದದಿಂದ ಕೆಲಸದ ದಿನ ಹುಟ್ಟಿಸುವ ಭಾಷೆಯನ್ನು ಏನನ್ನಬೇಕು?

ದಾರಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸೆಂಪ್ರೆ ದ್ರಿತ್ತೊ." ಯಾವಾಗಲೂ ನೇರ ಅಂತ. ಹೇಳುವಾಗ ಕೈ ಮಾತ್ರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಗುತ್ತದೆ. ನಾವು ಬಾಯಿ ನಂಬಿದೆವು. ಕೈ ನಂಬಬೇಕಿತ್ತು. ಅದಕ್ಕೇ ಎಲ್ಸಾ ನದಿ ಸೇರುವಾಗ ಸಂಜೆ ಹತ್ತಿರವಾಗಿತ್ತು.

ನದಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದಕ್ಕೇ ಹಸಿರುನೀಲಿ ಬಣ್ಣ. ಪಾತ್ರೆ ತೊಳೆದಿಟ್ಟ ಹಾಗೆ ತಳ ಕಾಣುತ್ತದೆ. ದಂಡೆಯ ಕಾಲುದಾರಿ ಒಮ್ಮೆ ಆಚೆ ದಡ, ಒಮ್ಮೆ ಈಚೆ ದಡ. ದಾಟಲು ಸಾಲಾಗಿ ಕಲ್ಲು ಇಟ್ಟಿದ್ದಾರೆ, ಹಿಡಿದುಕೊಳ್ಳಲು ಹಗ್ಗ ಕಟ್ಟಿದ್ದಾರೆ. ಹೆಂಡತಿ ಶೂ ಕೈಯಲ್ಲಿ ಹಿಡಿದೇ ದಾಟಿ ಆಚೆ ನಿಂತಳು. ನಾನು ನಾಲ್ಕನೇ ಕಲ್ಲಿನ ಮೇಲೆ ನಿಂತು, ಹಗ್ಗ ಬಿಟ್ಟು, ಮಗಳಿಗೆ ಕಳಿಸಲು ಒಂದು ಸೆಲ್ಫಿ ತೆಗೆಯೋಣ ಅಂದುಕೊಂಡೆ.

ಎಲ್ಲಾ ಕಡೆ ಹಿಡಿತ ಕೊಡುವ ಶೂ ಜಾರಿತು. ಸೊಂಟದ ತನಕ ನೀರಿನಲ್ಲಿ ಕೂತೆ. ಏಳಲು ಹೋದರೆ ಪಾಚಿ. ಹತ್ತಿರದ ಬಂಡೆಯ ಮೇಲೆ ಇಬ್ಬರು ಹುಡುಗಿಯರು ಕೂತು ಏನೋ ತಿನ್ನುತ್ತಿದ್ದರು. ಆಚೆ ದಡದಿಂದ ನನ್ನ ಹೆಂಡತಿ ಅವರತ್ತ ಕೈ ಚಾಚಿ ಕೂಗಿದಳು: "ಅಕ್ಕಾ! ಅಕ್ಕಾ! ಸ್ವಲ್ಪ ನೋಡ್ರಿ!"

ಒಬ್ಬ ಹುಡುಗಿ ಗಾಬರಿಯಿಂದ ಎದ್ದು, ಬಂಡೆಯಿಂದ ಬಂಡೆಗೆ ಹಾರಿ ನನ್ನ ಹತ್ತಿರ ಬಂದಳು. ಬಗ್ಗಿ, ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು.

"ಗ್ರಾತ್ಸಿಯೆ" ಅಂದೆ. ಕೂತಲ್ಲೇ ಎರಡು ಗುಟುಕು ಕುಡಿದೆ.