ವಿಷಕ್ಕೊಂದು ಝೀರೋ ಟ್ರಾಫಿಕ್

ಮಂತ್ರಿಗಳಿಗೆ ಝೀರೋ ಟ್ರಾಫಿಕ್ ಸಿಗುವುದು ಗೊತ್ತೇ ಇದೆ. ಕಸಿಗೆಂದು ಒಯ್ಯುವ ಹೃದಯಕ್ಕೂ ಸಿಗುತ್ತದೆ, ಸರಿ. 2025ರ ಜನವರಿ 1ರ ರಾತ್ರಿ ಆ ಭಾಗ್ಯ ಕಸಕ್ಕೂ ಬಂತು. ಭೋಪಾಲದಲ್ಲಿ ಮುಚ್ಚಿಹೋದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ವಿಷದ ಕಸ ಹೊತ್ತು 12 ಕಂಟೇನರ್‌ಗಳು ಸಾಲಾಗಿ ಹೊರಟವು. ಜೊತೆಗೆ ಪೊಲೀಸರು, ಆಂಬುಲೆನ್ಸ್, ಅಗ್ನಿಶಾಮಕ ವಾಹನ. ಅದನ್ನು ಸುಡುವ ಘಟಕವಿರುವ ಪೀಥಂಪುರದವರೆಗೆ ಸುಮಾರು 250 ಕಿಲೋಮೀಟರ್, ಯಾರೂ ಅಡ್ಡ ಬರುವಂತಿಲ್ಲ. ಕಸ ತುಂಬುವಾಗಲೂ ಅಷ್ಟೇ ಮರ್ಯಾದೆ. ಸುಮಾರು ನೂರು ಜನ, ಮೈತುಂಬಾ ರಕ್ಷಣಾ ಉಡುಪು, ಅರ್ಧ ಗಂಟೆಗೊಂದು ಪಾಳಿ. ಅದಕ್ಕಿಂತ ಜಾಸ್ತಿ ಹೊತ್ತು ಹತ್ತಿರ ನಿಲ್ಲುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ನೋಡಿ.

1984ರ ಡಿಸೆಂಬರ್ 2ರ ನಡುರಾತ್ರಿ ಇದೇ ಕಾರ್ಖಾನೆಯಿಂದ ವಿಷಾನಿಲ ಹೊರಟಿತ್ತು. ಅವತ್ತು ಜನ ಮಕ್ಕಳನ್ನು ಎತ್ತಿಕೊಂಡು ಸಿಕ್ಕ ಬೀದಿಯಲ್ಲಿ ಓಡಿದರು. ಯಾವ ದಿಕ್ಕಿಗೆ ಓಡಬೇಕೆಂದು ಹೇಳುವವರೂ ಇರಲಿಲ್ಲ.

ಈ ಕಸಕ್ಕೆ ಸಂಬಂಧ ಹುಡುಕಿದ್ದೇ ಒಂದು ದೊಡ್ಡ ಕಥೆ. 2005ರಲ್ಲಿ ಗುಡಿಸಿ ಗೋದಾಮಿಗೆ ತುಂಬಿದರು. ಆಮೇಲೆ ಗುಜರಾತಿನ ಅಂಕಲೇಶ್ವರಕ್ಕೆ ಕಳಿಸೋಣ ಎಂದರು, ಗುಜರಾತ್ ಒಲ್ಲೆ ಎಂದಿತು. ನಾಗಪುರ ಎಂದರು, ಮಹಾರಾಷ್ಟ್ರ ಒಲ್ಲೆ ಎಂದಿತು. 2012ರಲ್ಲಿ ಫಾರಿನ್ ಸಂಬಂಧವೇ ಬಂತು. ಜರ್ಮನಿಗೆ ವಿಮಾನದಲ್ಲಿ ಒಯ್ದು ಸುಡುವುದು, ಸುಮಾರು 25 ಕೋಟಿ ರೂಪಾಯಿ ಖರ್ಚು. ಅಲ್ಲಿನ ಜನ ಗಲಾಟೆ ಮಾಡಿದರು, ಮಾತುಕತೆ ಮುರಿಯಿತು. ಕೊನೆಗೆ ದೂರದ ಸಂಬಂಧ ಬೇಡವೆಂದು ಅದೇ ರಾಜ್ಯದ ಪೀಥಂಪುರಕ್ಕೆ ಕೊಟ್ಟರು. ಪೀಥಂಪುರದವರ ಒಪ್ಪಿಗೆ ಕೇಳುವುದು ಮಾತ್ರ ಮರೆತುಹೋಯಿತು. ಕಂಟೇನರ್ ಬಂದ ಮೇಲೆ ಅವರು ಬೀದಿಗಿಳಿದಾಗ ನೆನಪಾಯಿತು.

ಈ ಹೊತ್ತಿಗೆ ಖರ್ಚು 126 ಕೋಟಿಗೆ ಏರಿತ್ತು. ಕೊಟ್ಟದ್ದು ಕೇಂದ್ರ ಸರ್ಕಾರ. ಅಂದರೆ ನಾವು, ನೀವು. ಕಸ ಇದ್ದದ್ದು 337 ಟನ್. ಭಾಗಿಸಿ ನೋಡಿ, ಕೆ.ಜಿ.ಗೆ 3,700 ರೂಪಾಯಿಗೂ ಜಾಸ್ತಿ ಬೀಳುತ್ತದೆ. ಅದರಲ್ಲಿ 162 ಟನ್ ಬರೀ ಮಣ್ಣು. ಮಣ್ಣೇ ಹೊನ್ನು ಅಂತ ಸುಮ್ನೆ ಹೇಳಿಲ್ಲ ನಮ್ಮ ಹಿರಿಯರು.

2025ರ ಜೂನ್ ಕೊನೆಗೆ ಅಷ್ಟನ್ನೂ ಸುಟ್ಟರು. ಸುಟ್ಟರೆ ಕಡಿಮೆಯಾಗಬೇಕು, ಅಲ್ವಾ? ಉಳಿದ ಬೂದಿ ಗೀದಿ ತೂಗಿದರೆ 800 ಟನ್‌ಗೂ ಜಾಸ್ತಿ! ಸುಡುವಾಗ ಸುಣ್ಣ ಬೆರೆಸುತ್ತಾರೆ, ಅದಕ್ಕೇ ತೂಕ ಹೆಚ್ಚುತ್ತದೆ. ವಿಜ್ಞಾನದ ಪ್ರಕಾರ ಸರಿಯೇ ಇರಬಹುದು. ಆದರೆ ದುಡ್ಡು ಕೊಟ್ಟು 337 ಟನ್ ಸುಡಿಸಿ, ಅದರ ಎರಡು ಪಟ್ಟಿಗೂ ಮಿಕ್ಕಿದ್ದನ್ನು ಎಲ್ಲಿ ಹೂಳುವುದು ಎಂದು ಮತ್ತೆ ಜಾಗ ಹುಡುಕುವ ಯೋಗ ಸರ್ಕಾರಕ್ಕೆ ಮಾತ್ರ ಬರುತ್ತದೆ.

ಕೊಳೆ ಮಾಡಿದವನೇ ತೊಳೆಯುವ ಖರ್ಚು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಬೇರೆ ಪ್ರಕರಣಗಳಲ್ಲಿ ಹೇಳಿದೆ. ಇಲ್ಲಿ ಕೊಳೆ ಮಾಡಿದವನು ಯಾರು ಎಂದು ಪತ್ತೇದಾರರನ್ನು ಬಿಟ್ಟು ಹುಡುಕಬೇಕಿಲ್ಲ. ಯೂನಿಯನ್ ಕಾರ್ಬೈಡ್ ತನ್ನ ಭಾರತದ ಕಂಪನಿಯ ಪಾಲನ್ನು 1994ರಲ್ಲಿ ಮಾರಿತು. 1998ರಲ್ಲಿ ಜಾಗ ರಾಜ್ಯ ಸರ್ಕಾರಕ್ಕೆ ವಾಪಸಾಯಿತು, ವಿಷದ ಸಮೇತ. ಬಾಡಿಗೆ ಮನೆ ಬಿಡುವಾಗ ಗೋಡೆಗೆ ಹೊಡೆದ ಮೊಳೆಗೂ ಲೆಕ್ಕ ಕೇಳುತ್ತಾರೆ. ಇಲ್ಲಿ ಬೀಗದ ಕೈ ಇಸಿದುಕೊಂಡು ಕಳಿಸಿಕೊಟ್ಟರು. 2001ರಲ್ಲಿ ಕಾರ್ಬೈಡನ್ನೇ ಅಮೆರಿಕದ ಡೌ ಎಂಬ ರಾಸಾಯನಿಕ ಕಂಪನಿ ಕೊಂಡಿತು. 2005ರಲ್ಲಿ ಕೇಂದ್ರ ಸರ್ಕಾರ ಧೈರ್ಯ ಮಾಡಿ, ಶುಚಿ ಮಾಡಲು ಡೌನಿಂದ 100 ಕೋಟಿ ಮುಂಗಡ ಕೊಡಿಸಿ ಎಂದು ಹೈಕೋರ್ಟಿಗೆ ಹೋಯಿತು. ಭೋಪಾಲದ ಹೊಣೆ ತನ್ನದಲ್ಲ ಎನ್ನುವುದು ಡೌ ವಾದ. ಆಸ್ತಿಗೆ ವಾರಸುದಾರರು ಸಿಗುತ್ತಾರೆ, ಸಾಲಕ್ಕೆ ಸಿಗುವುದಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಎಮ್ಮೆ ಯಾರೆಂದು ಮೇಲೇ ಹೇಳಿದ್ದೇನೆ.

ಈಗ ಇಂಥ ಜಾಗಗಳಿಗೆಂದೇ 2025ರ ಜುಲೈಯಲ್ಲಿ ಹೊಸ ನಿಯಮ ಬಂದಿದೆ. ದೇಶದಲ್ಲಿ ಗುರುತಿಸಿದ ವಿಷದ ತಾಣಗಳು 103, ಆ ಹೊತ್ತಿಗೆ ಶುಚಿ ಮಾಡುವ ಕೆಲಸ ಶುರುವಾಗಿದ್ದದ್ದು ಏಳರಲ್ಲಿ. ಕೊಳೆ ಮಾಡಿದವನು ಸಿಗದಿದ್ದರೆ, ಸಿಕ್ಕರೂ ಕೊಡುವ ಶಕ್ತಿ ಅವನಿಗಿಲ್ಲದಿದ್ದರೆ, ಖರ್ಚನ್ನು ಕೇಂದ್ರ, ರಾಜ್ಯ ಸರ್ಕಾರಗಳು ನೋಡಿಕೊಳ್ಳುತ್ತವಂತೆ. ಎಮ್ಮೆ ರೆಡಿಯಾಗಿರಲಿ.

ಇಷ್ಟೆಲ್ಲ ಆಗಿ ಭೋಪಾಲ ಶುಚಿಯಾಯಿತು ಎಂದುಕೊಂಡಿರಾ? ಕಾರ್ಖಾನೆಯ ಒಳಗೆ, ಸುತ್ತಮುತ್ತ ಕೆಟ್ಟಿರುವ ಮಣ್ಣು ಸುಮಾರು 11 ಲಕ್ಷ ಟನ್ ಎಂದು 2010ರಲ್ಲೇ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಅಂದಾಜು ಮಾಡಿದ್ದವು. ನಾವು ಸಾಗಿಸಿದ್ದು ಗೋದಾಮಿನಲ್ಲಿದ್ದ 337 ಟನ್. ಗುಡ್ಡ ಅಗೆದು ಇಲಿ ಹಿಡಿದರು ಎಂದು ನಗುತ್ತೇವಲ್ಲ, ಇವರು ಗುಡ್ಡ ಮುಟ್ಟಲೇ ಇಲ್ಲ. ಇಲಿಯನ್ನು ಮಾತ್ರ ಪೊಲೀಸ್ ಕಾವಲಿನಲ್ಲಿ ಕಳಿಸಿಕೊಟ್ಟರು. ಅದೇ 3,700ರ ರೇಟಿನಲ್ಲಿ ಗುಡ್ಡವನ್ನೂ ಸುಡಲು ಹೊರಟರೆ ನಾಲ್ಕು ಲಕ್ಷ ಕೋಟಿ ದಾಟುತ್ತದೆ. ಮಣ್ಣು ಶುಚಿ ಮಾಡಲು ಬೇರೆ ದಾರಿಗಳಿವೆ, ಅಷ್ಟೊಂದು ಬೇಕಾಗಲಿಕ್ಕಿಲ್ಲ. ಈ ಲೆಕ್ಕ ಯಾವ ಗುತ್ತಿಗೆದಾರರ ಕಣ್ಣಿಗೂ ಬೀಳದಿರಲಿ.

ಆ ಬಯಲಿನಲ್ಲಿ ಸುತ್ತಲಿನ ಬಡಾವಣೆಯ ಹುಡುಗರು ಎಷ್ಟೋ ವರ್ಷದಿಂದ ಕ್ರಿಕೆಟ್ ಆಡುತ್ತಾರೆ. ಚೆಂಡು ಪೊದೆಯೊಳಗೆ ಬಿದ್ದರೆ ಬರಿಗೈಲಿ ತಡಕಿ ತರಬೇಕು. ಅದಕ್ಕೆ ಅರ್ಧ ಗಂಟೆಯ ಪಾಳಿ ಗೀಳಿ ಏನಿಲ್ಲ.