ಹಾಲುಹಲ್ಲಿಗೆ ಲಾಕರ್, ತಾತನ ಲಕ್ವಕ್ಕೆ ಎಣ್ಣೆ

ಹಾಸನದ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಮುಂದಿನ ಕ್ರಮ ಎಲ್ಲರಿಗೂ ಗೊತ್ತಿತ್ತು. ಸಗಣಿ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯುವುದು. ಖರ್ಚಿಲ್ಲ, ರಸೀದಿಯಿಲ್ಲ, ವರ್ಷಾವರ್ಷ ನವೀಕರಣವಿಲ್ಲ. ಈಗ ಆರ್‌ಸಿಸಿ ಬಂದು ಹೆಂಚು ಹೋಯಿತು, ಹಸು ಮಾರಿ ಸಗಣಿಯೂ ಹೋಯಿತು. ಆ ಖಾಲಿ ಜಾಗಕ್ಕೆ ಟೈ ಕಟ್ಟಿದ ಹುಡುಗನೊಬ್ಬ ಬಂದಿದ್ದಾನೆ. ಹಾಲುಹಲ್ಲಿನೊಳಗಿನ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶಗಳನ್ನು, ಮುಂದಿನ ಚಿಕಿತ್ಸೆಗೆಂದು ಹೆಪ್ಪುಗಟ್ಟಿಸಿಡುವ ಬ್ಯಾಂಕಿನ ಏಜೆಂಟ್. ಶಾಲೆಯಲ್ಲಿ ಉಚಿತ ದಂತ ತಪಾಸಣೆ ಅಂತ ಬ್ಯಾನರ್ ಕಟ್ಟಿದ್ದರೆ ಮೂಲೆಯ ಮೇಜು ಅವನದೇ. ಎರಡನೇ ಕ್ಲಾಸಿನ ಮಗುವಿನ ಅಲ್ಲಾಡುವ ಹಲ್ಲಿನೊಳಗೆ ಅವನಿಗೆ ತಾತನ ಲಕ್ವ, ಅಜ್ಜಿಯ ಪಾರ್ಕಿನ್‌ಸನ್, ಬೈಕಿನಿಂದ ಬಿದ್ದ ಚಿಕ್ಕಪ್ಪನ ಬೆನ್ನುಹುರಿ, ಇನ್ನೂ ಯಾರಿಗೂ ಬಾರದ ಮರೆವಿನ ಕಾಯಿಲೆ, ಎಲ್ಲಕ್ಕೂ ಮದ್ದು ಕಾಣುತ್ತದೆ. ಕಂತಿನಲ್ಲೂ ಕಟ್ಟಬಹುದಂತೆ.

ಹುಡುಗ ಪೂರ್ತಿ ಸುಳ್ಳು ಹೇಳುವುದಿಲ್ಲ. ಹೇಳಿದ್ದರೆ ಒದ್ದು ಕಳಿಸಬಹುದಿತ್ತು. ಹಲ್ಲಿನ ತಿರುಳಿನಲ್ಲಿ ಸ್ಟೆಮ್ ಸೆಲ್ ಇರುವುದು 2000ದಲ್ಲೂ, ಹಾಲುಹಲ್ಲಿನಲ್ಲಿ ಇರುವುದು 2003ರಲ್ಲೂ ಪ್ರಕಟವಾದ ಸಂಗತಿ. ಭ್ರೂಣದಲ್ಲಿ ನರಮಂಡಲ ಮೂಡುವ ಅಂಚಿನಿಂದ ಹೊರಟ ಕೋಶಗಳ ಸಂತಾನವಾದ್ದರಿಂದ ಇವಕ್ಕೂ ನರಕ್ಕೂ ಹಳೆಯ ನೆಂಟಸ್ತಿಕೆಯೂ ಉಂಟು. 2012ರಲ್ಲಿ ಜಪಾನಿನ ನಗೋಯ ವಿಶ್ವವಿದ್ಯಾಲಯದವರು ಬೆನ್ನುಹುರಿಯನ್ನು ಪೂರ್ತಿ ಕತ್ತರಿಸಿದ ಇಲಿಗಳಿಗೆ ಮನುಷ್ಯರ ಹಲ್ಲಿನ ಕೋಶ ಇಟ್ಟರು. ಹಿಂಗಾಲುಗಳ ಚಲನೆ ಒಂದು ಮಟ್ಟಿಗೆ ಮರಳಿತು. ಆ ಕೋಶಗಳು ಹೊಸ ಬೆನ್ನುಹುರಿ ಕಟ್ಟಿಕೊಡಲಿಲ್ಲ. ಸಾಯುತ್ತಿದ್ದ ನರಕೋಶಗಳನ್ನು ಉಳಿಸಿದವು, ನರತಂತು ಬೆಳೆಯದಂತೆ ತಡೆಯುವ ವಸ್ತುಗಳ ಬಾಯಿ ಮುಚ್ಚಿಸಿದವು, ನರದ ಹೊದಿಕೆ ಮಾಡುವ ಕೋಶಗಳ ಜಾಗ ಒಂದಿಷ್ಟು ತುಂಬಿದವು. ಒಳ್ಳೆಯ ಕೆಲಸ. ಬಿ.ಎಂ. ರಸ್ತೆಗೆ ಬರುವಷ್ಟರಲ್ಲಿ ಅದು "ಜಪಾನಲ್ಲಿ ಸೊಂಟ ಮುರಿದೋರೆಲ್ಲ ಓಡಾಡ್ತಿದಾರೆ ಸಾರ್" ಆಗಿರುತ್ತದೆ. ಇಲಿ ಅನ್ನುವ ಎರಡಕ್ಷರ ದಾರಿಯಲ್ಲೆಲ್ಲೋ ಉದುರಿಹೋಗಿರುತ್ತದೆ.

ಇರಲಿ, ಹಣ ಕಟ್ಟಿದಿರಿ ಅಂದುಕೊಳ್ಳೋಣ. ಯಾವ ಹಲ್ಲು ಕೊಡುತ್ತೀರಿ? ಲೆಕ್ಕಕ್ಕೆ ಬರುವುದು ಮುಂದಿನ ಹನ್ನೆರಡು, ಅಂದರೆ ಮೇಲೆ ಕೆಳಗೆ ಕೋರೆಯಿಂದ ಕೋರೆಯವರೆಗಿನವು. ಬೇರು ಮೂರರಲ್ಲೊಂದು ಭಾಗವಾದರೂ ಉಳಿದಿರಬೇಕು, ಕೀಳುವಾಗ ರಕ್ತ ಬರಬೇಕು. ತಿರುಗಿಸಿ ನೋಡಿದರೆ ಒಳಗೆ ಕೆಂಪಗಿದ್ದರೆ ಜೀವ ಇದೆ, ಬೂದಿ ಬಣ್ಣವಿದ್ದರೆ ಕಥೆ ಮುಗಿದಿದೆ. ಮಗು ನಾಲಿಗೆಯಲ್ಲಿ ನೂಕಿ ನೂಕಿ, ದಿನಗಟ್ಟಲೆ ನೂಲಿನಂತೆ ಜೋತುಬಿದ್ದು, ಕೊನೆಗೆ ಕೋಡುಬಳೆ ಕಚ್ಚುವಾಗ ತಾನಾಗಿ ಬಿದ್ದ ಹಲ್ಲಿನಲ್ಲಿ ಬೇರು ಕರಗಿರುತ್ತದೆ, ತಿರುಳು ಸತ್ತಿರುತ್ತದೆ. ಆಳವಾಗಿ ಹುಳುಕಾದದ್ದು, ಕೀವಾದದ್ದು ಬೇಡವೇ ಬೇಡ. ನಮ್ಮ ಮಕ್ಕಳ ಬಾಯಲ್ಲಿ ಚಾಕೊಲೇಟು ಬಿಟ್ಟು ಉಳಿಸಿದ ಹಲ್ಲು ಎಷ್ಟು, ಪೋಷಕರೇ ಎಣಿಸಿಕೊಳ್ಳಲಿ.

ಕಿತ್ತ ಹಲ್ಲು ತಕ್ಷಣ ಆಂಟಿಬಯೋಟಿಕ್ ಬೆರೆಸಿದ ದ್ರಾವಣದ ಟ್ಯೂಬಿಗೆ ಹೋಗಬೇಕು. ಸುಮಾರು 4 ಡಿಗ್ರಿ ತಂಪಿನಲ್ಲಿ, ಹೆಚ್ಚೆಂದರೆ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಭದ್ರವಾಗಿರಲಿ ಅಂತ ಫ್ರೀಜರಿಗೆ ಹಾಕಿದರೆ ಕೋಶದೊಳಗಿನ ನೀರು ಹರಳುಗಟ್ಟಿ ಪೊರೆ ಹರಿಯುತ್ತದೆ. ಹೊರಗಿಟ್ಟರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಎಸ್ಟೇಟಿನಲ್ಲಿ ಶನಿವಾರ ಸಂಜೆ ಹಲ್ಲು ಬಿದ್ದು, ಕರೆಂಟೂ ಹೋಗಿ, ಭಾನುವಾರ ಕೊರಿಯರಿಗೆ ರಜೆ ಅಂದರೆ ಸೋಮವಾರ ಹೊರಡುವುದು ಹಲ್ಲಿನ ಅಸ್ಥಿ ಮಾತ್ರ. ಕಂತು ನಿಲ್ಲುವುದಿಲ್ಲ.

ಪ್ರಯೋಗಾಲಯದಲ್ಲಿ ತಿರುಳು ತೆಗೆದು ಕೊಲಾಜಿನೇಸ್, ಡಿಸ್ಪೇಸ್ ಎಂಬ ಕಿಣ್ವಗಳಲ್ಲಿ 37 ಡಿಗ್ರಿಗೆ ಒಂದು ಗಂಟೆ ಕರಗಿಸಿ, 70 ಮೈಕ್ರಾನಿನ ಜಾಲರಿಯಲ್ಲಿ ಸೋಸುತ್ತಾರೆ. 2003ರ ಆ ಮೊದಲ ವರದಿಯಲ್ಲಿ ಒಂದು ಬಾಚಿಹಲ್ಲಿನಿಂದ ತಟ್ಟೆಗೆ ಅಂಟಿ ಬೆಳೆಯುವ ಕೋಶ ಸಿಕ್ಕಿದ್ದು 12ರಿಂದ 20. ಲಕ್ಷವಲ್ಲ, ಸಾವಿರವೂ ಅಲ್ಲ. ವಯಸ್ಕನೊಬ್ಬನಿಗೆ ಒಂದು ಸಲ ಕೊಡುವ ಪ್ರಮಾಣ ಹತ್ತು ಕೋಟಿ ಅಂತಿಟ್ಟುಕೊಂಡರೆ ಹದಿನೈದು ಕೋಶ ಸುಮಾರು 23 ಬಾರಿ ಇಮ್ಮಡಿಯಾಗಬೇಕು. ಪ್ರತಿ ಇಮ್ಮಡಿಗೂ ಕೋಶಕ್ಕೆ ವಯಸ್ಸಾಗುತ್ತದೆ, ವರ್ಣತಂತು ಎಡವಟ್ಟಾಗುವ ಸಾಧ್ಯತೆ ಏರುತ್ತದೆ, ತಟ್ಟೆಗೆ ಸೋಂಕು ನುಗ್ಗುವ ಅವಕಾಶವೂ ಹೆಚ್ಚುತ್ತದೆ. ಅಂದಹಾಗೆ ಸಂಶೋಧನೆಯಲ್ಲಿ ಇವನ್ನು ಬೆಳೆಸಲು ವಾಡಿಕೆಯಾಗಿ ಹಾಕುವ ಆಹಾರದಲ್ಲಿ ಇನ್ನೂ ಹುಟ್ಟದ ಕರುವಿನ ರಕ್ತದ ಸೀರಂ ಇರುತ್ತದೆ. ಮೊಟ್ಟೆ ಹಾಕಿದ ಕೇಕು ಬೇಡವೆನ್ನುವ ಮನೆಯವರು ಸಹಿ ಮಾಡುವ ಮುಂಚೆ ಇದನ್ನೂ ಒಂದು ಮಾತು ಕೇಳಬಹುದು. ಕೆಲವು ಕಡೆ ಬೆಳೆಸುವ ಗೋಜೇ ಇಲ್ಲ, ತಿರುಳನ್ನು ಹಾಗೇ ಹೆಪ್ಪುಗಟ್ಟಿಸುತ್ತಾರೆ. ಅದರಲ್ಲಿ ಜೀವಂತ ಕೋಶ ಇದೆಯೋ ಇಲ್ಲವೋ ಬಿಚ್ಚಿದ ದಿನ ತಿಳಿಯುತ್ತದೆ.

ಹೆಪ್ಪುಗಟ್ಟಿಸುವುದೆಂದರೆ ಕೋಶದಲ್ಲಿ ನೀರು ಹರಳುಗಟ್ಟದಂತೆ ಕಾಯುವ ಡಿಎಂಎಸ್‌ಒ ಎಂಬ ರಾಸಾಯನಿಕವನ್ನು ಶೇ. 10ರಷ್ಟು ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನಿನಲ್ಲಿ ಮುಳುಗಿಸುವುದು. ಈ ವಿದ್ಯೆ ಹಾಸನಕ್ಕೆ ಹೊಸದೇ? ಪಶು ಆಸ್ಪತ್ರೆಯ ಕ್ಯಾನಿನಲ್ಲಿ ಹೋರಿಯ ವೀರ್ಯದ ಕಡ್ಡಿಗಳು ಕೂತಿರುವುದೂ ಇದೇ ನೈಟ್ರೋಜನಿನಲ್ಲಿ. ಇಂಜೆಕ್ಷನ್ ಕೊಡಿಸಿದ ಹಸು ಗಬ್ಬ ನಿಲ್ಲದಿದ್ದರೆ ಚನ್ನರಾಯಪಟ್ಟಣದ ರೈತ "ಕ್ಯಾನಿಗೆ ನೈಟ್ರೋಜನ್ ಯಾವಾಗ ತುಂಬ್ಸಿದ್ರಿ?" ಅಂತ ಜಗಳಕ್ಕೇ ನಿಲ್ಲುತ್ತಾನೆ. ಮೂರು ತಿಂಗಳಲ್ಲಿ ಹಸುವೇ ಉತ್ತರ ಹೇಳುತ್ತದೆ ನೋಡಿ. ಅದೇ ರೈತ ಮೊಮ್ಮಗನ ಹಲ್ಲಿಗೆ ಇಪ್ಪತ್ತು ವರ್ಷದ ಬಾಡಿಗೆ ಕಟ್ಟುವಾಗ, ಟ್ಯಾಂಕು ಯಾವ ಊರಲ್ಲಿದೆ ಅಂತ ಕೂಡ ವಿಚಾರಿಸುವುದಿಲ್ಲ. ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆಗೆಯುತ್ತದೆ, ದೀಪ ಉರಿಯುತ್ತಿದೆಯೇ ಅಂತ ನೋಡಬಹುದು. ಈ ಟ್ಯಾಂಕಿಗೆ ದರ್ಶನವೇ ಇಲ್ಲ.

ಇನ್ನೊಂದು ತಮಾಷೆ ಇದೆ. ನಗೋಯದ ಇಲಿಗಳಿಗೆ ಕೋಶ ಇಟ್ಟದ್ದು ಬೆನ್ನುಹುರಿ ಕತ್ತರಿಸಿದ ಬೆನ್ನಲ್ಲೇ. ಟ್ಯಾಂಕಿನಲ್ಲಿರುವ ನಿಮ್ಮ ಮಗುವಿನ ಕೋಶದ ಹೆಪ್ಪು ಬಿಡಿಸಿ, ಬೆಳೆಸಿ, ಪರೀಕ್ಷೆ ಮುಗಿಸಲು ವಾರಗಟ್ಟಲೆ ಬೇಕು. ಅಪಘಾತ ಅಷ್ಟು ದಿನ ಕಾಯುತ್ತದೆಯೇ? ಅದಕ್ಕೇ ಜಪಾನಿನಲ್ಲಿ 2019ರಲ್ಲಿ ಶುರುವಾದ ಪಾರ್ಶ್ವವಾಯುವಿನ ಪ್ರಯೋಗದಲ್ಲಿ ಬಳಸಿದ್ದು ರೋಗಿಯ ಹಲ್ಲನ್ನಲ್ಲ, ದಾನಿಗಳ ಹಲ್ಲಿನಿಂದ ಮೊದಲೇ ಸಿದ್ಧಮಾಡಿಟ್ಟ ಕೋಶವನ್ನು. ಅದೂ ಲಕ್ವ ಹೊಡೆದ 48 ಗಂಟೆಯೊಳಗೆ. ಮುಂದೊಂದು ದಿನ ಈ ಚಿಕಿತ್ಸೆ ಗೆದ್ದರೂ ನಿಮ್ಮ ಮನೆ ಹಲ್ಲಿನ ಲಾಕರ್ ಬೇಕಾಗುವ ಖಾತರಿ ಇಲ್ಲ. ಹುಡುಗನ ಬಣ್ಣದ ಕರಪತ್ರದಲ್ಲಿ ಇದಕ್ಕೆ ಜಾಗ ಸಾಲದೆ ಹೋಗಿದೆ.

ಕಾನೂನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಬ್ಯಾಂಕಿನಲ್ಲಿಡಲು ಒಪ್ಪಿದ್ದು ಹೊಕ್ಕುಳಬಳ್ಳಿಯ ರಕ್ತವೊಂದನ್ನೇ. ಹಲ್ಲಿಗೆ ಅನುಮತಿಯಿಲ್ಲ. ರಕ್ತದ ಕೆಲವು ಕಾಯಿಲೆಗಳ ಕಸಿ ಬಿಟ್ಟರೆ, ನೋಂದಾಯಿತ ಪ್ರಯೋಗದ ಹೊರಗೆ ಸ್ಟೆಮ್ ಸೆಲ್ ಕೊಡುವುದು ಚಿಕಿತ್ಸೆಯಲ್ಲ ಎಂದೂ ಅದು ಹೇಳುತ್ತದೆ. ಪ್ರಯೋಗವೆಂದರೆ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿ ಸಂಖ್ಯೆ ಇರಬೇಕು, ನೀತಿ ಸಮಿತಿಯ ಒಪ್ಪಿಗೆ ಇರಬೇಕು, ರೋಗಿಯಿಂದ ಪ್ಯಾಕೇಜಿನ ಹಣ ವಸೂಲಿ ಮಾಡಬಾರದು. ಸಂಖ್ಯೆ ಕೇಳಿದರೆ ಹುಡುಗ ತನ್ನ ಮೊಬೈಲ್ ನಂಬರು ಕೊಡುತ್ತಾನೆ.

ಕೈಯ ರಕ್ತನಾಳಕ್ಕೆ ಚುಚ್ಚಿದ ಇಂಥ ಕೋಶಗಳಲ್ಲಿ ಹೆಚ್ಚಿನವು ಮೊದಲು ಸಿಕ್ಕಿಬೀಳುವುದು ಶ್ವಾಸಕೋಶದಲ್ಲಿ, ಮಿದುಳಿನಲ್ಲಲ್ಲ. ಸೀದಾ ಬೆನ್ನುಹುರಿಯ ದ್ರವಕ್ಕೇ ಹಾಕಿಸಿಕೊಳ್ಳುತ್ತೇನೆ ಅನ್ನುವವರು 2016ರಲ್ಲಿ ವರದಿಯಾದ ಅಮೆರಿಕದ ರೋಗಿಯನ್ನು ನೆನೆಯಬೇಕು. ಲಕ್ವಕ್ಕೆಂದು ದೇಶದೇಶ ಸುತ್ತಿ ಬೇರೆ ಬಗೆಯ ಸ್ಟೆಮ್ ಸೆಲ್ ಹಾಕಿಸಿಕೊಂಡರು. ಬೆನ್ನುಹುರಿಯ ಸುತ್ತ ಗೆಡ್ಡೆ ಬೆಳೆಯಿತು, ಅದರ ಕೋಶಗಳು ಅವರವಲ್ಲ.

ಇಷ್ಟೆಲ್ಲದರ ನಡುವೆ ಲಕ್ವಕ್ಕೆ ನಿಜವಾದ ಮದ್ದು ಇಲ್ಲವೇ ಅಂದರೆ, ಇದೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಗಂಟೆ ಎಣಿಸುವುದು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಹಲ್ಲಿನ 48 ಗಂಟೆಗೆ ಮನೆಮಂದಿಯೆಲ್ಲ ಗಡಿಯಾರ ನೋಡುತ್ತ ಐಸ್ ಪ್ಯಾಕ್ ಹಿಡಿದು ನಿಲ್ಲುತ್ತಾರೆ. ತಾತನ ಬಾಯಿ ಸೊಟ್ಟಗಾದರೆ ಮೊದಲು ಎಣ್ಣೆ ತಿಕ್ಕಿಸುತ್ತಾರೆ, ಆಮೇಲೆ ಪಕ್ಕದೂರಿನ ನಾಟಿ ಔಷಧಿ, ಆಮೇಲೆ ಬೆಳಗಾಗಲಿ ಅನ್ನುತ್ತಾರೆ. ಹುಡುಗನ ಅರ್ಜಿಯಲ್ಲಿ ಹಲ್ಲು ಬಿದ್ದ ದಿನಾಂಕ, ಗಂಟೆ, ನಿಮಿಷ ಬರೆಯಲು ಮೂರು ಖಾನೆ ಇವೆ, ಮೂರನ್ನೂ ತುಂಬಿ ಸಹಿ ಮಾಡಿದ್ದಾರೆ. ತಾತನಿಗೆ ಎಷ್ಟು ಹೊತ್ತಿಗೆ ಹೀಗಾಯಿತು ಅಂತ ಡಾಕ್ಟರು ಕೇಳಿದಾಗ ಅದೇ ಮನೆಯವರು ಹೇಳಿದ್ದು: "ಮೊನ್ನೆಯಿಂದ್ಲೇ ಒಂಥರಾ ಇದ್ರು ಸಾರ್."