ನನ್ನ ಹೊಟ್ಟೆ ಸರಿಯಾಗೇ ಇತ್ತು, ಮಾರಾಯ್ರೆ

"ಸ್ಪ್ರೇ ಹೊಡೀರಿ ಸರ್, ಹೋಗ್ತದೆ."

ಇದು ನಾವು ಬಾಡಿಗೆಗೆ ತಂದ ಕ್ಯಾರವಾನ್, ಅಂದರೆ ಮನೆಯಂಥ ಗಾಡಿಯ ಮಾಲೀಕನ ಉತ್ತರ. ಗಾಡಿಯೊಳಗಿನ ಗಬ್ಬು ವಾಸನೆಗೆ ನಾನು ಫೋನಿನಲ್ಲಿ ಕೂಗುತ್ತಿದ್ದೇನೆ, ಆತ ಸ್ಪ್ರೇ ಬಗ್ಗೆ ಹೇಳುತ್ತಿದ್ದಾನೆ. ಮಲ್ಲಿಗೆ ಬೇಕಾ ಲಿಂಬೆ ಬೇಕಾ ಅಂತ ಕೇಳುವುದೊಂದು ಬಾಕಿ ಇತ್ತು.

ಮನೆಗೆ ಬಂದಾಯಿತು. ಸ್ನಾನ ಆಯಿತು. ಶರ್ಟು ಒಗೆದಾಯಿತು. ಸಿಟ್ಟು ಮಾತ್ರ ಇಳಿಯುತ್ತಿಲ್ಲ. ಹೆಂಡತಿ "ಬಿಡಿ ಅತ್ಲಾಗೆ, ಆಗಿದ್ದು ಆಯ್ತು" ಅನ್ನುತ್ತಾಳೆ. ಸರಿ, ಬಿಟ್ಟೆ. ಬಿಟ್ಟೆ ಅಂತಲೇ ಇಟ್ಟುಕೊಳ್ಳಿ. ಆದರೆ ಆ ಓಂಕಾಳು? ಅದನ್ನು ಹೇಗೆ ಬಿಡುವುದು?

ಕ್ಯಾರವಾನ್ ಬೇಕು ಅಂದಿದ್ದು ಶೋಕಿಗಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಕಾರವಾರದಿಂದ ಶಿರಸಿ ಮುಟ್ಟುವುದರೊಳಗೆ ಎಲ್ಲೆಲ್ಲಿ ಗಾಡಿ ನಿಲ್ಲಿಸಬೇಕೋ ದೇವರಿಗೇ ಗೊತ್ತು. ಒಳಗೇ ಟಾಯ್ಲೆಟ್ ಇದ್ದರೆ ಅವರಿಗೂ ಮರ್ಯಾದೆ, ನಮಗೂ ನೆಮ್ಮದಿ. ಮನೆ ನೋಡಲು ಬಂದಿದ್ದ ಬೀಗರನ್ನೂ ಅದರಲ್ಲೇ ವಾಪಸ್ ಬಿಟ್ಟು, ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಿ ಬರೋಣ ಅಂತ. ಸರಿ, ಸ್ವಲ್ಪ ಶೋಕಿಯೂ ಇತ್ತು. ಹಾಸಿಗೆ, ಸಿಂಕು, ಶವರು ಎಲ್ಲ ಇರುವ ಗಾಡಿ ಮನೆ ಮುಂದೆ ನಿಂತರೆ ಯಾರಿಗೆ ಖುಷಿ ಆಗುವುದಿಲ್ಲ?

ಬಿಣಗಾ, ಅರ್ಗಾ ದಾಟುವಾಗ ಏನೂ ಇರಲಿಲ್ಲ. ಕಿಟಕಿ ತೆರೆದಿತ್ತು, ಸಮುದ್ರದ ಗಾಳಿ ಬರುತ್ತಿತ್ತು. ಅಂಕೋಲೆ ಬರುವಷ್ಟರಲ್ಲಿ ಮೈಯೆಲ್ಲ ಬೆವರು. ಕಿಟಕಿ ಮುಚ್ಚಿ ಎಸಿ ಹಾಕಿಸಿದೆವು. ಮಿರ್ಜಾನ ದಾಟುವಾಗ ನನ್ನ ಮೂಗಿಗೆ ಏನೋ ಸಣ್ಣಗೆ ಬಡಿಯಿತು. ಹೊರಗಿನದ್ದು ಇರಬೇಕು ಅಂದುಕೊಂಡೆ. ದಿವಗಿಯಲ್ಲಿ ತಿರುಗಿ ಕತಗಾಲ ದಾಟಿ ದೇವಿಮನೆ ಘಟ್ಟದ ತಿರುವುಗಳು ಶುರುವಾದವು ನೋಡಿ. ಹೊರಗೆ ಕಾಡು. ಒಳಗೆ ನರಕ.

ಬೀಗರ ಚಿಕ್ಕಮ್ಮ ಮೊದಲು ಸೆರಗನ್ನು ಮೂಗಿಗೆ ತಂದರು. "ಈ ಗಾಡಿಯಲ್ಲಿ ಮೊದಲು ಒಣಮೀನು ಸಾಗಿಸ್ತಿದ್ರಾ ಎಂತ?" ಅಂದರು. ನಮ್ಮ ಮನೆಗೆ ಮೀನು ಬರುವುದಿಲ್ಲ. ಆದರೆ ಕಾರವಾರದಲ್ಲಿ ಇದ್ದು ಮೀನು ತಿನ್ನದೇ ಇರುತ್ತಾರಾ ಅಂತ ಘಟ್ಟದ ಮೇಲಿನವರಿಗೆ ನಮ್ಮ ಮೇಲೆ ಯಾವತ್ತೂ ಒಂದು ಗುಮಾನಿ. ನಾನು ನಕ್ಕೆ. ಎರಡು ತಿರುವು ಆದ ಮೇಲೆ ಅವರೇ ತಿದ್ದಿಕೊಂಡರು. "ಅಲ್ಲ, ಇದು ಕೊಳೆತ ಮೊಟ್ಟೆ." ಮೊಟ್ಟೆಯನ್ನೇ ಮುಟ್ಟದವರಿಗೆ ಕೊಳೆತ ಮೊಟ್ಟೆಯ ವಾಸನೆ ಹೇಗೆ ಗೊತ್ತು ಅಂತ ಕೇಳಬೇಕಿತ್ತು. ಬೀಗರು. ಕೇಳಲಿಲ್ಲ.

ನಾನು ಎದ್ದೆ. ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಲು ಟಾಯ್ಲೆಟ್ಟಿನ ಒಳಗೆ ಹೋದೆ. ಗಮನಿಸಿ, ಪತ್ತೆ ಮಾಡಲು. ಬಾಗಿಲು ತಾನೇ ಮುಚ್ಚಿಕೊಂಡಿತು. ಒಳಗೆ ಕಣ್ಣು ಉರಿಯುವಷ್ಟು ಗಬ್ಬು. ಫ್ಲಶ್ ಒತ್ತಿದೆ, ಒಂದು ಚಮಚ ನೀರು ಬಂತು. ಮೂಗು ಹಿಡಿದುಕೊಂಡು ಹೊರಗೆ ಬಂದೆ. ನಾನು ಬಾಗಿಲು ತೆರೆದಾಗ ಒಳಗಿದ್ದ ಅಷ್ಟೂ ಗಾಳಿ ನನ್ನ ಜೊತೆಗೇ ಹೊರಗೆ ಬಂತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮದುಮಗ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕಿಟಕಿ ಕಡೆ ತಿರುಗಿದ. ಮಾವ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ನಟಿಸಿದರು. ಬೀಗರ ಮನೆಯ ಸಣ್ಣ ಹುಡುಗ ಇದ್ದಾನಲ್ಲ, ಅವನು ಸ್ಪಷ್ಟ ಕನ್ನಡದಲ್ಲಿ "ಮಾಮ ಹೂಸು ಬಿಟ್ಟ" ಅಂದ. ಅವನ ಅಮ್ಮ ಅವನ ಬಾಯಿ ಮುಚ್ಚಿದಳು. ಯಾರಾದರೂ ನಕ್ಕಿದ್ದರೆ ಒಳ್ಳೆಯದಿತ್ತು. ಯಾರೂ ನಗಲಿಲ್ಲ.

ಆಗ ಚಿಕ್ಕಮ್ಮ ಪರ್ಸಿನಿಂದ ಒಂದು ಡಬ್ಬಿ ತೆಗೆದರು. ಓಂಕಾಳು. ನನ್ನ ಅಂಗೈ ಹಿಡಿದು ಅದರಲ್ಲಿ ಸುರಿದರು. "ತಗೊಳ್ಳಿ. ನಾಚಿಕೆ ಎಂತಕ್ಕೆ? ಪ್ರಯಾಣದಲ್ಲಿ ಎಲ್ಲರಿಗೂ ಆಗ್ತದೆ." ಎಷ್ಟು ಪ್ರೀತಿಯಿಂದ ಹೇಳಿದರು ಗೊತ್ತಾ? ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಪ್ರೀತಿಗೆ ಏನು ಹೇಳುವುದು? "ನನಗೇನೂ ಆಗಿಲ್ಲ" ಅಂದೆ. "ಹೌದು ಹೌದು, ತಿನ್ನಿ" ಅಂದರು. ತಿಂದೆ. ಎಲ್ಲರ ಎದುರಿಗೆ ನಿಂತು, ಕಂಬಿ ಹಿಡಿದುಕೊಂಡು, ಓಂಕಾಳು ಜಗಿದೆ. ತಿಂದ ಕ್ಷಣಕ್ಕೆ ತೀರ್ಪು ಆಯಿತು.

ಮುಗಿಯಲಿಲ್ಲ. ಡ್ರೈವರ್ ಮಹಾಶಯ "ಮೇಲಿನ ಫ್ಯಾನ್ ಹಾಕ್ತೇನೆ, ವಾಸನೆ ಹೊರಗೆ ಹೋಗ್ತದೆ" ಅಂದ. ಹಾಕಿದ. ವಾಸನೆ ಎರಡು ಪಟ್ಟು ಆಯಿತು! ಚಿಕ್ಕಮ್ಮ ನನ್ನ ಕಡೆ ನೋಡಿದರು. ಡಬ್ಬಿಯ ಮುಚ್ಚಳ ಮತ್ತೆ ತೆರೆದರು.

ಇಲ್ಲಿಗೆ ಬರುತ್ತದೆ ನನ್ನ ಅಸಲಿ ಸಿಟ್ಟು. ವಾಪಸ್ ಬರುವಾಗ ಕೋಡಿಬಾಗದಲ್ಲಿ ಪರಿಚಯದ ಪ್ಲಂಬರ್ ಒಬ್ಬರಿಗೆ ಗಾಡಿ ತೋರಿಸಿದೆ. ಅವರು ಕ್ಯಾರವಾನ್ ಯಾವತ್ತೂ ನೋಡಿದವರಲ್ಲ. ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ಒಂದೇ ಮಾತು ಹೇಳಿದರು. "ಟ್ರ್ಯಾಪಿನಲ್ಲಿ ನೀರೇ ಇಲ್ವಲ್ರೀ."

ನಮ್ಮೆಲ್ಲರ ಮನೆ ಸಿಂಕಿನ ಕೆಳಗೂ ಒಂದು ಬಾಗಿದ ಪೈಪ್ ಇರುತ್ತದೆ, ನೋಡಿರುತ್ತೀರಿ. ಅದೇ ಈ ಟ್ರ್ಯಾಪ್. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಬೀಗ. ಕೆಳಗಿನ ಗಾಳಿ ಮೇಲೆ ಬರದಂತೆ ತಡೆಯುವುದು ಅದೊಂದೇ. ಮನೆಯಲ್ಲಿ ದಿನಾ ನೀರು ಬಿಡುತ್ತೇವೆ, ಅದು ಒಣಗುವುದಿಲ್ಲ. ಈ ಗಾಡಿ ಬಿಸಿಲಿನಲ್ಲಿ ಸುಮ್ನೆ ನಿಂತಿರುತ್ತದೆ, ನೀರು ಆರಿಹೋಗುತ್ತದೆ. ಸ್ವಲ್ಪ ಉಳಿದಿದ್ದರೂ ಘಟ್ಟದ ತಿರುವಿನಲ್ಲಿ ಕುಲುಕಿ ಚೆಲ್ಲಿಹೋಗುತ್ತದೆ. ಶವರಿನ ಕೆಳಗೆ ಜಾಗ ಕಡಿಮೆ, ಅಲ್ಲಿನ ಟ್ರ್ಯಾಪ್ ಇನ್ನೂ ಸಣ್ಣದು. ಹೊರಡುವ ಮೊದಲು ಸಿಂಕಿಗೊಂದು, ಶವರಿಗೊಂದು ಚೊಂಬು ನೀರು ಸುರಿದಿದ್ದರೆ ಆಗಿತ್ತು. ಗಾಡಿ ಬಹಳ ದಿನ ನಿಲ್ಲುವುದಾದರೆ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಚೊಂಬು ನೀರು, ಚಮಚ ಎಣ್ಣೆ. ನನ್ನ ಮರ್ಯಾದೆಯ ರೇಟು ಇಷ್ಟು.

ಟಾಯ್ಲೆಟ್ಟಿನದ್ದೂ ಅದೇ ಕತೆ. ಬಟ್ಟಲಿನ ತಳದ ಮುಚ್ಚಳದ ಮೇಲೆ ಒಂದಿಂಚಾದರೂ ನೀರು ನಿಂತಿರಬೇಕು. ಮುಚ್ಚಳದ ಸುತ್ತ ಇರುವ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು, ನೀರು ನಿಲ್ಲುತ್ತಲೇ ಇರಲಿಲ್ಲ. ಪ್ಲಂಬರ್ ಜೊತೆಗಿದ್ದ ಹುಡುಗ ಗಾಡಿಯ ಮೇಲೆ ಹತ್ತಿದ. ಟಾಯ್ಲೆಟ್ಟಿನ ಹೊಲಸು ತುಂಬುವ ಟ್ಯಾಂಕಿನ ಗಾಳಿ ಮೇಲಕ್ಕೆ ಹೋಗಲು ಅಲ್ಲೊಂದು ಪೈಪ್ ಇರುತ್ತದೆ. ಅದರ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಮಾಡಿತ್ತು. ಮೇಲಿನ ದಾರಿ ಬಂದ್. ಕೆಳಗಿನ ಬೀಗ ಒಣಗಿದೆ. ಇನ್ನು ಆ ಗಾಳಿ ಎಲ್ಲಿಗೆ ಹೋಗಬೇಕು? ನನ್ನ ಮಾನ ಕಳೆಯಲು ಒಳಗೇ ಬರಬೇಕು.

ಆ ಫ್ಯಾನು! ಕಿಟಕಿ ಎಲ್ಲ ಮುಚ್ಚಿ ಮೇಲಿನ ಫ್ಯಾನ್ ಹಾಕಿದರೆ ಅದು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಬೇರೆ ಗಾಳಿ ಬರಬೇಕಲ್ಲ? ತೆರೆದಿದ್ದ ದಾರಿ ಒಣಗಿದ ಪೈಪು ಮಾತ್ರ. ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ ಟ್ಯಾಂಕಿನ ಗಾಳಿಯನ್ನು ನಮ್ಮ ಮೂಗಿಗೆ ಹೀರಿಕೊಟ್ಟಿತು. ಒಂದು ಕಿಟಕಿ ಎರಡು ಬೆರಳು ತೆರೆದಿದ್ದರೂ ಸಾಕಿತ್ತು.

ಡ್ರೈವರ್ ಬೇರೆ "ನನಗೇನೂ ಬರ್ತಾ ಇಲ್ವಲ್ಲ ಸರ್" ಅನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಇಲ್ಲವಂತೆ. ಹೈಡ್ರೋಜನ್ ಸಲ್ಫೈಡ್ ಅಂತ ಇದೆಯಲ್ಲ, ಕೊಳೆತ ಮೊಟ್ಟೆಯ ಆ ಗ್ಯಾಸು, ಅದರಲ್ಲೇ ಕೂತವರ ಮೂಗು ಸೋತುಹೋಗುತ್ತದೆ. ಗ್ಯಾಸ್ ಜಾಸ್ತಿಯಾದರಂತೂ ವಾಸನೆಯೇ ಗೊತ್ತಾಗುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಹಾಗಾಗಿ ಪಾಪ, ಅವನನ್ನು ಬೈದು ಪ್ರಯೋಜನ ಇಲ್ಲ.

ಆದರೂ ಬೈಯುತ್ತೇನೆ. ಯಾಕೆ ಗೊತ್ತಾ? ವಾಪಸ್ ಬರುವಾಗ ಅಘನಾಶಿನಿ ಸೇತುವೆ ಹತ್ತಿರ ಗಾಡಿ ನಿಧಾನ ಮಾಡಿ, "ಇಲ್ಲೇ ಬದಿಗೆ ಹಾಕಿ ಟ್ಯಾಂಕಿನ ವಾಲ್ವ್ ಬಿಟ್ಟುಬಿಡ್ಲಾ ಸರ್, ಕತ್ತಲೆ ಇದೆ" ಅಂದ! ಅಘನಾಶಿನಿಗೆ! ಕೆಳಗೆ ಅಳಿವೆಯಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪುಮೀನು ಆರಿಸುತ್ತಾರೆ. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಅದು. ಪಟ್ಟಿಗೆ ಸೇರದಿದ್ದರೆ ಬಿಡಬಹುದಿತ್ತು ಅಂತಲ್ಲ. ಹಾಗಾದರೆ ಎಲ್ಲಿ ಖಾಲಿ ಮಾಡುವುದು ಅಂತ ಅವನು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡಿದರು. ಕೊನೆಗೆ ಸಕ್ಕಿಂಗ್ ಲಾರಿಯವರಿಗೆ ಫೋನ್ ಮಾಡಿದ್ದು ನಾನು, ದುಡ್ಡು ಕೊಟ್ಟಿದ್ದೂ ನಾನು.

ಅವರು ಎಳೆದಾಗ ನೀರು ಮಾತ್ರ ಬಂತು. ಗಟ್ಟಿ ಒಳಗೇ ಉಳಿಯಿತು. ಕಾರಣ ಇದೆ. ಯಾರ್ಡಿನಲ್ಲಿ ನಿಂತಾಗ ಈ ಗಾಡಿ ಬಾಡಿಗೆಯವರು ಗುಂಡಿಗೆ ಪೈಪ್ ಹಚ್ಚಿ ವಾಲ್ವ್ ತೆರೆದೇ ಇಡುತ್ತಾರೆ. ನೀರೆಲ್ಲ ಹರಿದುಹೋಗುತ್ತದೆ, ಉಳಿದದ್ದು ಅಲ್ಲೇ ರಾಶಿ ಬಿದ್ದು ಒಣಗುತ್ತದೆ. ವಾಲ್ವ್ ಮುಚ್ಚಿಟ್ಟು, ಟ್ಯಾಂಕ್ ಅರ್ಧಕ್ಕಿಂತ ಮೇಲೆ ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಖಾಲಿ ಆದ ಮೇಲೆ ತಳಕ್ಕೆ ಮತ್ತೆ ನೀರು ಹಾಕಬೇಕು. ಇವರು ಹಾಕಿದ್ದು ಫಿನಾಯಿಲ್. ಕೊಳೆ ಕರಗಿಸುವ ಬ್ಯಾಕ್ಟೀರಿಯಾದ ಪುಡಿಯನ್ನೂ ಹಾಕುತ್ತಾರಂತೆ. ಎರಡೂ ಒಟ್ಟಿಗೆ! ಮೊದಲನೆಯದು ಎರಡನೆಯದನ್ನು ಕೊಲ್ಲುತ್ತದೆ. ಎರಡಕ್ಕೂ ಬಿಲ್ಲು ಬಾಡಿಗೆಯಲ್ಲಿ ಸೇರಿದೆ.

ಇದನ್ನೆಲ್ಲ ಮಾಲೀಕನಿಗೆ ಹೇಳಿದರೆ, "ಒಬ್ಬನನ್ನು ಕರೆಸಿ ಕೈ ಹಾಕಿ ತೆಗೆಸ್ತೇನೆ ಬಿಡಿ" ಅನ್ನುತ್ತಾನೆ. ಕೈ ಹಾಕಿ! ಅದನ್ನು ನಿಷೇಧಿಸಿ 2013ರಲ್ಲೇ ಕಾಯ್ದೆ ಬಂದಿದೆ ಸ್ವಾಮಿ ಅಂದೆ. "ನೀವು ಜಾಸ್ತಿ ಓದಿದೋರು" ಅಂದ. ಆಮೇಲೆ ಡೆಪಾಸಿಟ್ಟಿನಲ್ಲಿ ಕ್ಲೀನಿಂಗ್ ಚಾರ್ಜು ಹಿಡಿದುಕೊಂಡಿದ್ದೇನೆ ಅಂತ ಮೆಸೇಜು. ಯಾಕಂತೆ? "ಪ್ರಯಾಣಿಕರಿಂದ ದುರ್ವಾಸನೆ." ಪ್ರಯಾಣಿಕರಿಂದ! ಲಿಖಿತದಲ್ಲಿ!

ಈ ಗಾಡಿ ಬಾಡಿಗೆ ಕೊಡುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಗಾಡಿ ಕೊಡುವ ಮೊದಲು ಟೈರ್ ನೋಡುತ್ತೀರಿ, ಡೀಸೆಲ್ ನೋಡುತ್ತೀರಿ, ಬಾಗಿಲಿನ ಗೀರಿನ ಫೋಟೋ ತೆಗೆಯುತ್ತೀರಿ. ಸಿಂಕಿಗೆ ಚೊಂಬು ನೀರು ಸುರಿಯುವುದು ಯಾರ ಕೆಲಸ? ಹೆಸರು ಹೇಳಿ. ಒಬ್ಬರದ್ದಾದರೂ ಹೇಳಿ. ಹೋಗಲಿ, ಹೇಳಿದರೆ ನನಗೇನು ಸಿಗುತ್ತದೆ? ದುಡ್ಡು ವಾಪಸ್ ಬರುವುದಿಲ್ಲ. ಬಂದರೂ ಚಿಕ್ಕಮ್ಮನಿಗೆ ಟ್ರ್ಯಾಪ್ ಅಂದರೇನು ಅಂತ ಕೂರಿಸಿ ವಿವರಿಸಲು ಆಗುತ್ತದಾ? ಪ್ರಯತ್ನ ಮಾಡಿದೆ, ಫೋನಿನಲ್ಲಿ. ಪೂರ್ತಿ ಕೇಳಿದರು. "ಆಯ್ತು, ರಾತ್ರಿ ಮಜ್ಜಿಗೆಗೆ ಇಂಗು ಹಾಕಿ ಕುಡೀರಿ" ಅಂದರು.

ಈಗ ನನ್ನ ಅವಸ್ಥೆ ನೋಡಿ. ಯಾರ ಮನೆಗೆ ಹೋದರೂ ಮೊದಲು ಸಿಂಕಿನ ಕೆಳಗೆ ಬಗ್ಗುತ್ತೇನೆ. ಮನೆಯ ಬಚ್ಚಲಿಗೂ ಕಾರಣ ಇಲ್ಲದೆ ನೀರು ಸುರಿಯುತ್ತೇನೆ. ಹೆಂಡತಿ ಅತ್ತೆಗೆ ಫೋನಿನಲ್ಲಿ ನನ್ನ ಬಗ್ಗೆ ಏನೋ ಹೇಳುತ್ತಿದ್ದಳು, ನಾನು ಹೋದ ತಕ್ಷಣ ಮಾತು ನಿಲ್ಲಿಸಿದಳು.

ಮದುವೆ ಶಿರಸಿಯಲ್ಲಿ. "ನಾವು ಈ ಸಲ ಬಸ್ಸಿನಲ್ಲೇ ಬರುತ್ತೇವೆ" ಅಂತ ಬೀಗರಿಗೆ ಹೇಳಿದೆ. ಸುಮ್ನೆ ಮಾತಿಗೆ ಹೇಳಿದ್ದು. ಛೆ ಛೆ, ನಾವೇ ಕಾರು ಕಳಿಸ್ತೇವೆ ಅಂತಾರೆ ಅಂದುಕೊಂಡಿದ್ದೆ. "ಅದೇ ಒಳ್ಳೇದು, ಬಸ್ಸಿನಲ್ಲಿ ಕಿಟಕಿ ಇರ್ತದೆ" ಅಂದರು.